ಗುಂಡ್ಲುಪೇಟೆಯ ಸೀಮೆಯ ಹೆಸರುಗಳು: ಪದಚ್ಛೇದ ಮತ್ತು ಉಚ್ಚಾರಣೆ



ಎರಡು ಪದಗಳು ಕೂಡಿ ಒಂದಾದಾಗ ಅವುಗಳ ಬೆಸುಗೆ ಎಲ್ಲಿರುವುದೆಂಬುದನ್ನು ಕಣ್ಣಿಗಿಂತ ಕಿವಿಯೇ ಮೊದಲು ಬಲ್ಲುದು. ಡಚ್ಚರ ಭಾಷೆಯಲ್ಲಿ ಸಮಾಸಪದಗಳನ್ನು ನಮ್ಮಂತೆಯೇ ಬಿಡಿಸದೆ ಬರೆಯುವರು. ಸಾಲಿನ ಕೊನೆಯಲ್ಲಿ ಒಡೆಯಬೇಕಾದರೆ ಮಾತ್ರ ಪದಗಳ ಸಂದಿನಲ್ಲಿಯೇ ಒಡೆಯುವರು. ಅವರ 'ಕ್ವಾರ್ಟ್ಸ್ಲಾಗನ್' ಎಂಬ ಬರಹವನ್ನು 'ಕ್ವಾರ್ಟ್' ಎಂಬಲ್ಲಿ ನಿಲ್ಲಿಸಿದರೆ ಕಾಲು ಸುತ್ತುಗಳೆಂದೂ, 'ಕ್ವಾರ್ಟ್ಸ್' ಎಂಬಲ್ಲಿ ನಿಲ್ಲಿಸಿದರೆ ಬೆಣಚುಕಲ್ಲಿನ ಪದರಗಳೆಂದೂ ಅರ್ಥವಾಗುವುದು.

ನಮ್ಮ ಲಿಪಿಯ ನಡೆ ಬೇರೆ. ಗುಂಡ್ಲುಪೇಟೆಯ ಸಮೀಪದ ಹಿಮವದ್ಗೋಪಾಲಸ್ವಾಮಿ ಬೆಟ್ಟದ ಹೆಸರನ್ನೇ ನೋಡಿರಿ. 'ಹಿಮವತ್' ಎಂಬುದರ ತಕಾರವು ಗಕಾರದ ಮುಂದೆ ದಕಾರವಾಯಿತು. ಪದಗಳ ಸಂದು ದಕಾರದ ಆಚೆ, ಗಕಾರದ ಈಚೆ. ಆದರೆ ಬರೆಯುವಾಗ 'ದ್ಗೋ' ಎಂಬುದು ಒಂದೇ ಅಕ್ಷರ. ಸಂದನ್ನು ಒತ್ತು ಮರೆಮಾಡಿತು. ನಾಲಗೆಯೋ 'ಹಿಮವದ್' ಎಂದು ನಿಂತು, ಅನಂತರವೇ 'ಗೋಪಾಲ' ಎನ್ನುವುದು. ಛಂದಸ್ಸಿನವರು ಒತ್ತಿನ ಹಿಂದಣ 'ವ'ವನ್ನು ಗುರುವೆಂದೆಣಿಸುವುದಕ್ಕೂ ಇದೇ ಕಾರಣ. ಸುಮಾರು 1260ರ ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಸಂಧಿಗೂ ಸಮಾಸಕ್ಕೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟನು.

ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿದ್ದಿತು. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ಸ್ಮರಣಾರ್ಥವಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದು ಇಲ್ಲಿಯೇ. ಊರಿಗೆ ಈಗಿನ ಹೆಸರನ್ನು ಕೊಟ್ಟ ಹೊಳೆಯು ಗುಂಡ್ಲು. ಪುರಾಣಜ್ಞರ ಬಾಯಲ್ಲಿ ಅದು ಕೌಂಡಿನ್ಯ. ಬೆಂಗಳೂರು ಆಡುಮಾತಿನಲ್ಲಿ ಬೆಂಗ್ಳೂರಾಗುವಂತೆ 'ಗುಂಡಲು' ಎಂಬುದರ ನಡುವಣ ಸ್ವರ ಬಿದ್ದು 'ಗುಂಡ್ಲು' ಆಗಿರಬೇಕೆಂದು ನನ್ನ ಊಹೆ. ಬರಹದಲ್ಲಿ ಗುಂ-ಡ್ಲು-ಪೇ-ಟೆ, ಉಚ್ಚಾರಣೆಯಲ್ಲಿ ಗುಂಡ್-ಲು-ಪೇ-ಟೆ. ಹಳೆ, ಕನ್ನಡ ಎಂಬಿವು ಸೇರಿ ಹಳೆಗನ್ನಡವಾಗುವಂತೆ ಇಲ್ಲಿ ಪಕಾರವು ಬಕಾರವಾಗಲಿಲ್ಲ. ಆಗಿದ್ದರೆ ಊರು 'ಗುಂಡ್ಲುಬೇಟೆ' ಎನಿಸಿಕೊಳ್ಳುತ್ತಿದ್ದಿತು. ಬಂಡೀಪುರದ ಕಾಡು ಪಕ್ಕದಲ್ಲಿಯೇ ಇರುವುದರಿಂದ ಆ ಹೆಸರಿಗೂ ಯಾರಾದರೊಬ್ಬರು ಒಂದು ಕಥೆಯನ್ನು ಹೊಸೆಯುತ್ತಿದ್ದರು.

ಚಾಮರಾಜನಗರದ ಹಳೆಯ ಹೆಸರಿನ ಪಾಡು ಇದಕ್ಕಿಂತ ತೊಡಕಿನದು. ಅದನ್ನು ಅರಿಕುಠಾರವೆಂದೂ ಅರಕೊಠಾರವೆಂದೂ ಬರೆದಿರುವರು. ಅರಿ, ಕುಠಾರ ಎಂದು ಬಿಡಿಸಿದರೆ ಹಗೆಗಳಿಗೆ ಕೊಡಲಿ. ಕೊಠಾರವೆಂದರೆ ಧಾನ್ಯದ ಕಣಜ. ಒಂದೆರಡು ಸ್ವರಗಳ ವ್ಯತ್ಯಾಸದಿಂದ ಊರು ರೈತನದೋ ವೀರನದೋ ಎಂಬುದೇ ಬದಲಾಗುವುದು! ಕೊಡಲಿಯ ಅರ್ಥವು ಪಂಡಿತರ ಕೈವಾಡವೆಂದೇ ನನಗೆ ತೋರುತ್ತದೆ. ಕೇಳಲು ಗಂಭೀರವಾದ ಸಂಸ್ಕೃತ ಸಮಾಸವು ನೆಲದ ಮಾತನ್ನು ನುಂಗುವುದು ನಮ್ಮಲ್ಲಿ ಅಪೂರ್ವವೇನಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಬಸದಿಯನ್ನು ಕಟ್ಟಿಸಿದುದು ಈ ಊರಿನಲ್ಲಿಯೇ.

ಇಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. 1997ರಲ್ಲಿ ಪ್ರತ್ಯೇಕವಾದ ಜಿಲ್ಲೆಗೂ ಈ ಹೆಸರೇ ಸಂದಿತು. ಇಂಗ್ಲಿಷ್ ಅಕ್ಷರಗಳ ಹಲಗೆಯನ್ನು ಓದಿದವರು ಕಡೆಯ ಸ್ವರವನ್ನು ಬಿಟ್ಟು 'ನಗರ್' ಎನ್ನುವರು, ಹಾಗೆಯೇ 'ಪೇಟ್' ಎನ್ನುವರು. ಸಂತೆಗೆ ಬಂದ ಹಳ್ಳಿಯವರ ಬಾಯಲ್ಲಿ ಮಾತ್ರ ಆ ಸ್ವರ ಇನ್ನೂ ಉಳಿದಿದೆ.