ದಾರಿ ಹೇಳುವವರ ಚರಿತ್ರೆ

ನಮ್ಮ ಚಿಕ್ಕಜಾಲದ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತವರಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ: ಅಲ್ಲಿಗೆ ಬಸ್ಸಿಗಿಂತ ಮೊದಲು ಪ್ರಶ್ನೆ ಬರುತ್ತದೆ. “ಸ್ವಾಮಿ, ಇದು ಯಲಹಂಕದ ಒಳಗೆ ಹೋಗುತ್ತದೆಯೆ, ಮೇಲುರಸ್ತೆ ಹತ್ತಿ ನೇರ ಹೆಬ್ಬಾಳಕ್ಕೆ ಹೋಗಿಬಿಡುತ್ತದೆಯೆ?” “ಯಶವಂತಪುರಕ್ಕೆ ಎಲ್ಲಿ ಇಳಿಯಬೇಕಮ್ಮ?” ಯಾರೋ ಒಬ್ಬರು ಉತ್ತರ ಹೇಳುತ್ತಾರೆ, ಇನ್ನೊಬ್ಬರು ಅದನ್ನು ತಿದ್ದುತ್ತಾರೆ, ಮೂರನೆಯವರು “ಹಾಗಲ್ಲ, ಹೋದ ತಿಂಗಳಿಂದ ಬದಲಾಯಿಸಿದ್ದಾರೆ” ಎಂದು ತೀರ್ಪು ಕೊಡುತ್ತಾರೆ. ಹೇಳಿದವರು ಹಣ ಕೇಳುವುದಿಲ್ಲ, ತಿದ್ದಿದವರು ಹೆಸರು ಬಯಸುವುದಿಲ್ಲ. ಬೀದಿಬದಿಯ ಈ ವಿದ್ಯೆ ಯಂತ್ರದೊಳಕ್ಕೆ ಹೇಗೆ ಸೇರಿತು, ಸೇರುವಾಗ ಅದರ ಉದಾರಗುಣ ಉಳಿಯಿತೆ ಅಳಿಯಿತೆ ಎಂಬುದು ನಮ್ಮ ಕಾಲದ ಚರಿತ್ರೆಯಲ್ಲಿ ಸ್ವಾರಸ್ಯವಾದ ಒಂದು ಅಧ್ಯಾಯ. ಅದನ್ನು ಓದುಗರ ಮುಂದೆ ಇಡಬೇಕೆಂಬುದು ನನ್ನ ಆಸೆ.

ಊರು ಚಿಕ್ಕದಾಗಿರುವಾಗ ದಾರಿಯ ತಿಳಿವಳಿಕೆ ಒಬ್ಬರ ತಲೆಯಲ್ಲಿ ಹಿಡಿಸುತ್ತದೆ. ಬೆಂಗಳೂರಿನಲ್ಲಿ ಟ್ರಾನ್ಸ್‌ಪೋರ್ಟ್ ಕಂಪನಿಯೊಂದು 1940ರಲ್ಲಿ ಬಸ್ಸು ಓಡಿಸತೊಡಗಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಹುಟ್ಟಿದ ‘ಬಿ.ಟಿ.ಎಸ್.’ ಎಂಬ ಮೂರಕ್ಷರ ಹಳಬರ ಬಾಯಲ್ಲಿ ಇನ್ನೂ ಅಳಿದಿಲ್ಲ. 1997ರ ಆಗಸ್ಟ್ 15ರಂದು ಬಿ.ಎಂ.ಟಿ.ಸಿ. ಪ್ರತ್ಯೇಕ ಸಂಸ್ಥೆಯಾಯಿತು. 2008ರಲ್ಲಿ ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ತೆರೆದ ಮೇಲಂತೂ ನಮ್ಮ ಬಳ್ಳಾರಿ ರಸ್ತೆಯ ಬದುಕೇ ಬೇರೆಯಾಯಿತು. ರಸ್ತೆಯ ಪಕ್ಕದ ಹಳೆಯ ಕೋಟೆಯ ಕಲ್ಲುಗೋಡೆಯೊಂದು ಮಾತ್ರ ಹಿಂದಿನಂತೆಯೇ ನಿಂತಿದೆ. ಮಾರ್ಗಗಳು ನೂರಾದವು, ನಿಲ್ದಾಣಗಳು ಸಾವಿರವಾದವು. ಕಂಡಕ್ಟರ್ ಮಹಾಶಯನಿಗೆ ತನ್ನ ಮಾರ್ಗ ಗೊತ್ತು, ಪಕ್ಕದ್ದು ಗೊತ್ತಿಲ್ಲ. ಇಷ್ಟನ್ನೂ ಒಬ್ಬನೇ ಮನುಷ್ಯ ನೆನಪಿಟ್ಟುಕೊಳ್ಳುವುದು ಆಗದ ಮಾತು. ಆಗ ಲೆಕ್ಕ ಬೇಕಾಗುತ್ತದೆ.

ಲೆಕ್ಕಕ್ಕೆ ಮೊದಲು ಅಳತೆ. ಈ ವಿಷಯದಲ್ಲಿ ನಮ್ಮ ಉತ್ತರ ಬೆಂಗಳೂರಿಗೆ ಹಳೆಯ ಹಕ್ಕೊಂದುಂಟು. ಭಾರತದ ನೆಲವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆಯ ಕರ್ತೃ ವಿಲಿಯಂ ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆಯನ್ನು 1800ರಲ್ಲಿ ಎಳೆದದ್ದು ಬೆಂಗಳೂರಿನ ಬಳಿ. 1802ರಲ್ಲಿ ಮದರಾಸಿನಲ್ಲಿ ಉತ್ತಮ ಸಲಕರಣೆಗಳಿಂದ ಮತ್ತೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ರೇಖೆಯನ್ನು ಅವನ ತಂಡ ನೆಲದ ಮೇಲೆ ಅಳೆಯಿತು. ಲೆಕ್ಕ ಹೇಳಿದ ಉದ್ದಕ್ಕೂ ಸರಪಣಿ ಹೇಳಿದ ಉದ್ದಕ್ಕೂ ಬಂದ ವ್ಯತ್ಯಾಸ 3.7 ಅಂಗುಲ! ಒಮ್ಮೆ ಅಳೆದದ್ದನ್ನು ಇನ್ನೊಂದು ದಾರಿಯಿಂದ ಬಂದು ಮತ್ತೆ ಅಳೆದು ಒಪ್ಪಿಸುವ ಈ ಶಿಸ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ. ಆದರೆ ಅಳತೆಯ ಫಲ ಸೇರಿದ್ದು ಕಂಪನಿ ಸರ್ಕಾರದ ಪೆಟ್ಟಿಗೆಗೆ. ನಕ್ಷೆ ಆಳುವವರ ಆಸ್ತಿಯಾಗಿತ್ತೇ ಹೊರತು ನಡೆಯುವವರದಾಗಲಿಲ್ಲ. ನಕ್ಷೆ ಮಾಡುವ, ಬಳಸುವ ಕಟ್ಟುಪಾಡುಗಳನ್ನು ಕೇಂದ್ರ ಸರ್ಕಾರ ಗಣನೀಯವಾಗಿ ಸಡಿಲಿಸಿದ್ದು 2021ರ ಫೆಬ್ರವರಿಯಲ್ಲಿ. ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿದ್ದ ಆ ಸರ್ವೆಯ ವೀಕ್ಷಣಾ ಗೋಪುರ 2024ರಲ್ಲಿ ಕುಸಿದುಬಿತ್ತು. ಕಟ್ಟುವವರು ಸಿಕ್ಕಿದ್ದರು, ಕಾಯುವವರು ಸಿಕ್ಕಲಿಲ್ಲ.

ಅಳತೆಯಾದ ಮೇಲೆ ಲೆಕ್ಕ. ಒಂದೂರಿನಿಂದ ಇನ್ನೊಂದೂರಿಗೆ ಅತ್ಯಂತ ಹತ್ತಿರದ ದಾರಿ ಯಾವುದು? 1956ರಲ್ಲಿ ಎಡ್ಸ್ಗರ್ ಡೈಕ್‌ಸ್ಟ್ರಾ ಎಂಬ ಡಚ್ ತರುಣ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಇದಕ್ಕೆ ಉಪಾಯ ಕಂಡುಹಿಡಿದ. 1959ರಲ್ಲಿ ಅದನ್ನು ಮೂರೇ ಪುಟಗಳ ಲೇಖನದಲ್ಲಿ ಪ್ರಕಟಿಸಿದ. ಉಪಾಯ ಸರಳವಾದದ್ದು. ಹೊರಟ ಊರಿನಲ್ಲಿ ನೀರು ಸುರಿದರೆ ಅದು ಎಲ್ಲ ದಾರಿಗಳಲ್ಲೂ ಒಂದೇ ವೇಗದಲ್ಲಿ ಹರಿಯುತ್ತದೆಂದು ಭಾವಿಸೋಣ. ಯಾವ ಊರಿಗೆ ಯಾವ ಕಾಲುವೆಯಿಂದ ಮೊದಲು ನೀರು ಮುಟ್ಟಿತೋ ಅದೇ ಆ ಊರಿಗೆ ಹತ್ತಿರದ ದಾರಿ. ಅವನು ಅದನ್ನು ಯಂತ್ರದ ಮೇಲೆ ತೋರಿಸಿದ್ದು ಹಾಲೆಂಡಿನ 64 ಊರುಗಳ ನಕ್ಷೆಯಲ್ಲಿ.

ಆದರೆ ಬಸ್ಸು ನೀರಲ್ಲ. ಅದು ತನ್ನ ಹೊತ್ತಿಗೆ ಬರುತ್ತದೆ, ತಪ್ಪಿದರೆ ಕಾಯಿಸುತ್ತದೆ. ಆದ್ದರಿಂದ ನಕ್ಷೆಯ ಜೊತೆಗೆ ವೇಳಾಪಟ್ಟಿಯೂ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬೇಕಾಯಿತು. ಈ ಕೆಲಸ ನಡೆದದ್ದು ಅಮೆರಿಕದ ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ. ಅಲ್ಲಿನ ಸಾರ್ವಜನಿಕ ಸಾರಿಗೆ ಸಂಸ್ಥೆ ಟ್ರೈಮೆಟ್, ಗೂಗಲ್ ಕಂಪನಿಯ ಎಂಜಿನಿಯರುಗಳೊಡನೆ ಸೇರಿ, 2005ರಲ್ಲಿ ವೇಳಾಪಟ್ಟಿಗೊಂದು ರೂಪ ಕೊಟ್ಟಿತು. ಅದೇ ಇಂದು ‘ಜಿ.ಟಿ.ಎಫ್.ಎಸ್.’ ಎಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವುದು. ನಿಲ್ದಾಣಗಳಿಗೊಂದು ಕಡತ, ಮಾರ್ಗಗಳಿಗೊಂದು, ಪ್ರತಿ ಓಡಾಟಕ್ಕೊಂದು, ಯಾವ ಬಸ್ಸು ಯಾವ ನಿಲ್ದಾಣವನ್ನು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂಬುದಕ್ಕೊಂದು. ಎಲ್ಲವೂ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ. ಅದರಲ್ಲೊಂದು ತಮಾಷೆಯುಂಟು. ರಾತ್ರಿಯ ಕೊನೆಯ ಬಸ್ಸು ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ದಾಣ ಮುಟ್ಟುವುದಾದರೆ ಅಲ್ಲಿ ‘25:10’ ಎಂದು ಬರೆಯುತ್ತಾರೆ. ಬಸ್ಸಿನ ದಿನ ನಡುರಾತ್ರಿಗೆ ಮುಗಿಯುವುದಿಲ್ಲ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ದಿನವೆಣಿಸುವ ಪಂಚಾಂಗವನ್ನು ನೋಡಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ.

ಇನ್ನು ಪ್ರಕೃತ ವಿಷಯಕ್ಕೆ ಬರುತ್ತೇನೆ. 2009ರ ಜುಲೈ ತಿಂಗಳಲ್ಲಿ ಟ್ರೈಮೆಟ್ ಸಂಸ್ಥೆ ಸಾರ್ವಜನಿಕ ಅನುದಾನವೊಂದರ ಬಲದಿಂದ ಪೋರ್ಟ್‌ಲೆಂಡಿನಲ್ಲಿ ಒಂದು ಕಾರ್ಯಾಗಾರ ಕರೆಯಿತು. ಅದುವರೆಗೆ ಪ್ರಯಾಣಿಕರಿಗೆ ದಾರಿ ಹೇಳುವ ಮುಕ್ತ ತಂತ್ರಾಂಶಗಳನ್ನು ಬೇರೆಬೇರೆಯಾಗಿ ಬರೆಯುತ್ತಿದ್ದ ಡೇವಿಡ್ ಎಮೊರಿ, ಬ್ರಯನ್ ಫೆರಿಸ್, ಬ್ರ್ಯಾಂಡನ್ ಮಾರ್ಟಿನ್-ಆಂಡರ್ಸನ್ ಎಂಬ ಮೂವರು ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತರು. ಆ ಸಭೆಯಿಂದ ಹುಟ್ಟಿದ್ದೇ ‘ಓಪನ್‌ಟ್ರಿಪ್‌ಪ್ಲಾನರ್’. ನ್ಯೂಯಾರ್ಕಿನ ಓಪನ್‌ಪ್ಲಾನ್ಸ್ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆ ಮೊದಲ ವರ್ಷಗಳಲ್ಲಿ ಅದನ್ನು ಪೋಷಿಸಿತು. ರಸ್ತೆಗಳಿಗೆ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಜನರೇ ಬರೆದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ನಕ್ಷೆ, ಬಸ್ಸುಗಳಿಗೆ ಜಿ.ಟಿ.ಎಫ್.ಎಸ್. ವೇಳಾಪಟ್ಟಿ, ಎರಡನ್ನೂ ಬೆಸೆದು ‘ಇಷ್ಟು ನಡೆ, ಇದನ್ನು ಹತ್ತು, ಇಲ್ಲಿ ಇಳಿ’ ಎಂದು ಹೇಳುವ ಕೋಡ್. ಕೋಡ್ ಎಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಬರಹ. ಆ ಬರಹವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು.

ಒಂದು ನಗರ ತನಗಾಗಿ ಮಾಡಿಸಿದ್ದು ಹಲವು ನಾಡುಗಳಿಗೆ ಒದಗಿತು. 2013ರಲ್ಲಿ ಯೋಜನೆ ‘ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ’ ಎಂಬ ಧರ್ಮಸಂಸ್ಥೆಯ ಆಶ್ರಯ ಸೇರಿತು. ಹೆಲ್ಸಿಂಕಿಯ ಸಾರಿಗೆ ಸಂಸ್ಥೆ ಅದರ ಮೇಲೆಯೇ ಫಿನ್ಲೆಂಡಿನ ಪ್ರಯಾಣಸೇವೆಯನ್ನು ಕಟ್ಟಿತು. ನಾರ್ವೆಯ ಸರ್ಕಾರಿ ಸಂಸ್ಥೆ ‘ಎಂಟೂರ್’ ಇಡೀ ದೇಶಕ್ಕೆ ಬಳಸಿತು. ಹೀಗೆ ಬಳಸಿದವರು ಸುಮ್ಮನೆ ತೆಗೆದುಕೊಂಡು ಹೋಗದೆ ತಮ್ಮ ತಿದ್ದುಪಡಿಗಳನ್ನು ಮರಳಿ ತಂದು ಸೇರಿಸಿದರು. 2020ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಲೆಕ್ಕದ ಕ್ರಮವನ್ನೇ ಬದಲಾಯಿಸಿದರು. 2012ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಪ್ರಕಟಿಸಿದ್ದ ‘ರ‍್ಯಾಪ್ಟರ್’ ಎಂಬ ಕ್ರಮ ಅದಕ್ಕೆ ಆಧಾರ. ಚಿಕ್ಕಜಾಲದಿಂದ ಒಂದೇ ಬಸ್ಸಿನಲ್ಲಿ ಎಲ್ಲೆಲ್ಲಿಗೆ ಹೋಗಬಹುದೆಂದು ಮೊದಲ ಸುತ್ತಿನಲ್ಲಿ ಪಟ್ಟಿಮಾಡು: ದೇವನಹಳ್ಳಿ, ಯಲಹಂಕ, ಹೆಬ್ಬಾಳ. ಅಲ್ಲಿಂದ ಇನ್ನೊಂದು ಬಸ್ಸಿಗೆ ಎಲ್ಲೆಲ್ಲಿಗೆಂದು ಎರಡನೆಯ ಸುತ್ತು: ಹೆಬ್ಬಾಳದಿಂದ ಯಶವಂತಪುರ, ಕೃಷ್ಣರಾಜಪುರ. ಹೀಗೆ ಸುತ್ತು ಸುತ್ತಾಗಿ. ನಿಲ್ದಾಣದಲ್ಲಿ ನಿಂತ ನಮ್ಮ ಹಿರಿಯರು ತಲೆಯಲ್ಲಿ ಮಾಡುವ ಲೆಕ್ಕವೂ ಇದೇ ಅಲ್ಲವೆ!

ತಿದ್ದುವ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿಯ ಊರೊಂದನ್ನು ತೆಗೆದುಕೊಳ್ಳೋಣ. ರಸ್ತೆಯ ಎರಡು ಮಗ್ಗುಲಿಗೂ ಒಂದೇ ಹೆಸರಿನ ಎರಡು ನಿಲ್ದಾಣಗಳು. ಗೆರೆ ಎಳೆದರೆ ಅವುಗಳ ನಡುವೆ ಅರ್ಧ ಫರ್ಲಾಂಗೂ ಇಲ್ಲ. ಯಂತ್ರ ‘ಒಂದು ನಿಮಿಷ ನಡೆದು ಎದುರು ಬಸ್ಸು ಹಿಡಿಯಿರಿ’ ಎಂದುಬಿಡುತ್ತದೆ. ನಡುವೆ ಇರುವುದು ಬಾಣದಂತೆ ಹಾಯುವ ವಾಹನಗಳು, ಎದೆಮಟ್ಟದ ಅಡ್ಡಗೋಡೆ; ದಾಟುವ ದಾರಿಗೆ ಅಷ್ಟುದೂರ ಹೋಗಿಯೇ ಬರಬೇಕು. ಕೈಯಲ್ಲಿ ಮಗುವನ್ನೆತ್ತಿಕೊಂಡ ತಾಯಿ ಆ ಉತ್ತರವನ್ನು ನಂಬಿದರೆ ಗತಿಯೇನು? ಇಲ್ಲಿ ತಪ್ಪು ಎರಡು ಕಡೆ ಇರಬಹುದು. ನಕ್ಷೆಯಲ್ಲಿ ಅಡ್ಡಗೋಡೆಯನ್ನು ಯಾರೂ ಗುರುತಿಸದೆ ಇದ್ದಿರಬಹುದು; ಆಗ ನಕ್ಷೆ ತಿದ್ದಬೇಕು. ಗುರುತಿಸಿದ್ದರೂ ಲೆಕ್ಕ ಅದನ್ನು ಗಮನಿಸದೆ ಇರಬಹುದು. ಆಗ ಕೋಡ್ ತಿದ್ದಬೇಕು.

ಕೋಡ್ ತಿದ್ದುವವನು ಮೊದಲು ತಪ್ಪನ್ನು ಬಹಿರಂಗವಾಗಿ ಬರೆದಿಡುತ್ತಾನೆ: ಎಲ್ಲಿಂದ ಎಲ್ಲಿಗೆ ಕೇಳಿದೆ, ಏನು ಉತ್ತರ ಬಂತು, ಏನು ಬರಬೇಕಾಗಿತ್ತು. ಬಳಿಕ ಮೂಲದ ಪ್ರತಿಯೊಂದನ್ನು ತನಗಾಗಿ ತೆಗೆದುಕೊಂಡು ಅದರಲ್ಲಿ ತಿದ್ದುತ್ತಾನೆ. ಈ ತಪ್ಪು ಮತ್ತೆ ತಲೆಯೆತ್ತಿದರೆ ಹಿಡಿದುಕೊಡುವಂಥ ಪರೀಕ್ಷೆಯೊಂದನ್ನೂ ಜೊತೆಗೆ ಬರೆಯುತ್ತಾನೆ. ಅನಂತರ ‘ಇದನ್ನು ಮೂಲಕ್ಕೆ ಸೇರಿಸಿಕೊಳ್ಳಿ’ ಎಂದು ಅರ್ಜಿ ಹಾಕುತ್ತಾನೆ. ಅದಕ್ಕೆ ‘ಪುಲ್ ರಿಕ್ವೆಸ್ಟ್’ ಎಂದು ಹೆಸರು. ಹಳೆಯ ಪರೀಕ್ಷೆಗಳೆಲ್ಲ ತಾವಾಗಿಯೇ ಮತ್ತೊಮ್ಮೆ ನಡೆಯುತ್ತವೆ. ಒಂದನ್ನು ಸರಿಮಾಡಲು ಹೋಗಿ ಹತ್ತನ್ನು ಕೆಡಿಸಿಲ್ಲವಷ್ಟೆ? ಆಮೇಲೆ ಇತರರು ಸಾಲು ಸಾಲಾಗಿ ಓದಿ ಪ್ರಶ್ನಿಸುತ್ತಾರೆ. ಹೆಲ್ಸಿಂಕಿಯವನು ಬರೆದದ್ದನ್ನು ಓಸ್ಲೋದವನು ಪರಿಶೀಲಿಸಬಹುದು. ಇಬ್ಬರ ಊರೂ ಬೇರೆ, ಸಂಸ್ಥೆಯೂ ಬೇರೆ, ಮುಲಾಜಿಗೆ ಎಡೆಯಿಲ್ಲ. ಒಪ್ಪಿಗೆಯಾದ ಮೇಲೆ ಯಾವ ಸಾಲನ್ನು ಯಾರು, ಯಾವ ದಿನ, ಯಾವ ಕಾರಣಕ್ಕೆ ತಿದ್ದಿದರೆಂಬುದು ದಾಖಲೆಯಾಗಿ ಉಳಿಯುತ್ತದೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಎಂಬ ಸಾಧನ ಆ ದಾಖಲೆಯನ್ನು ಕಾಯುತ್ತದೆ. ಬೇರೆ ದಾರಿಯಿಂದ ಬಂದು ಮತ್ತೆ ಅಳೆಯುವ ಆ ಹಳೆಯ ಶಿಸ್ತನ್ನು ನೆನೆದುಕೊಳ್ಳಿ. ವ್ಯತ್ಯಾಸವಿಷ್ಟೆ: ಅಂದು ಅಳತೆಯ ಪುಸ್ತಕ ಪೆಟ್ಟಿಗೆಯಲ್ಲಿತ್ತು, ಇಂದು ಬಯಲಲ್ಲಿದೆ.

ಇಂಥ ದಾಖಲೆಗಳನ್ನು ಓದುವಾಗ ನನಗೆ ನಮ್ಮ ನಾಡಿನ ದಾನಶಾಸನಗಳು ನೆನಪಾಗುತ್ತವೆ. ತಾನೇ ದಾನಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಭಾವ ಅವುಗಳ ಕೊನೆಯಲ್ಲಿ ಮತ್ತೆಮತ್ತೆ ಬರುತ್ತದೆ. ಕೆರೆ ಕಟ್ಟಿಸುವುದು ಅರಸನ ಕೀರ್ತಿ. ವರ್ಷವರ್ಷವೂ ಹೂಳೆತ್ತುವುದು ಊರಿನ ಬಾಳು. ಮುಕ್ತ ತಂತ್ರಾಂಶದಲ್ಲೂ ಬಹುಪಾಲು ಕೆಲಸ ಹೂಳೆತ್ತುವಂಥದ್ದೇ. ಅದನ್ನು ಕೀಳೆಂದು ಬಗೆದ ಕಡೆ ಎಂಥ ಗೋಪುರವೂ ಕುಸಿಯುತ್ತದೆ.

ನಮ್ಮ ಬೆಂಗಳೂರಿನ ಕಥೆಯೇನು? ಜಗತ್ತಿನ ಕೋಡನ್ನು ಬರೆಯುವ ಕೈಗಳು ಇಲ್ಲಿ ಲಕ್ಷಗಟ್ಟಲೆ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಬೆಂಗಳೂರಿನ ಓಣಿಗಳನ್ನು ಬಿಡಿಸಿ, ಊರಹೆಸರುಗಳನ್ನು ಕನ್ನಡದಲ್ಲಿ ಬರೆದವರು ಸ್ವಯಂಸೇವಕರು. ಬಿ.ಎಂ.ಟಿ.ಸಿ.ಯ ಮಾರ್ಗ, ನಿಲ್ದಾಣ, ವೇಳೆಗಳನ್ನು ಒಟ್ಟುಗೂಡಿಸಿ ಜಿ.ಟಿ.ಎಫ್.ಎಸ್. ರೂಪಕ್ಕೆ ತಂದು ಎಲ್ಲರಿಗೂ ಒದಗಿಸಿದ ಪ್ರಯತ್ನಗಳೂ ಸ್ವಯಂಸೇವಕರಿಂದ ನಡೆದಿವೆ. 2022ರಲ್ಲಿ ಆಟೋ ಚಾಲಕರ ಸಂಘದ ಸಹಯೋಗದಿಂದ ಇಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ತನ್ನ ಕೋಡನ್ನು ಬಹಿರಂಗವಾಗಿ ಇಟ್ಟಿತು. ಇವೆಲ್ಲ ಅಭಿಮಾನಪಡತಕ್ಕ ಸಂಗತಿಗಳು. ಆದರೆ ಪೋರ್ಟ್‌ಲೆಂಡಿನಲ್ಲಿ ಸಾರಿಗೆ ಸಂಸ್ಥೆಯೇ ಮುಂದೆ ನಿಂತು ಮಾಡಿಸಿದ್ದನ್ನು ಇಲ್ಲಿ ಬಹುಮಟ್ಟಿಗೆ ಬಿಡುವಿನ ವೇಳೆಯ ತರುಣರು ಮಾಡಿದ್ದಾರೆಂಬುದನ್ನೂ ಮರೆಯಬಾರದು. ಬಿಡುವು ಮುಗಿದ ದಿನ ಕೆಲಸವೂ ನಿಲ್ಲುತ್ತದೆ. ಮಾರ್ಗ ಬದಲಾಗುವುದು ಮಾತ್ರ ನಿಲ್ಲುವುದಿಲ್ಲ.

ದೊಡ್ಡ ಕಂಪನಿಗಳು ಫೋನಿನಲ್ಲಿ ಪುಕ್ಕಟೆಯಾಗಿ ದಾರಿ ಹೇಳುತ್ತಿರುವಾಗ ಇಷ್ಟೆಲ್ಲ ಗೋಜೇಕೆ ಎಂದು ಕೆಲವರು ಕೇಳಬಹುದು. ದಾರಿ ಹೇಳುತ್ತಾರೆ, ನಿಜ. ಅದಕ್ಕಾಗಿ ಅವರಿಗೆ ನಮಸ್ಕಾರ. ಆದರೆ ಹೇಳಿದ್ದು ತಪ್ಪಾದಾಗ ನಾವು ದೂರು ಕೊಡಬಹುದೇ ಹೊರತು, ಲೆಕ್ಕ ಎಲ್ಲಿ ಎಡವಿತೆಂದು ಒಳಗೆ ನೋಡುವಂತಿಲ್ಲ. ನಡೆದು ಬಸ್ಸು ಹಿಡಿಯುವವನ ದಾರಿಗಿಂತ ಕಾರಿನವನ ದಾರಿಗೆ ಹೆಚ್ಚು ಗಮನ ಕೊಟ್ಟರೂ ಏಕೆಂದು ಕೇಳುವಂತಿಲ್ಲ. ಕೇಳುವ ಹಕ್ಕು ಒಂದು, ತಿದ್ದುವ ಹಕ್ಕು ಇನ್ನೊಂದು. ಮೊದಲನೆಯದು ಮಾತ್ರ ಉಳಿದ ಸಮಾಜದಲ್ಲಿ ಪ್ರಯಾಣಿಕನು ಗಿರಾಕಿ. ಎರಡನೆಯದೂ ಇದ್ದರೆ ಅವನು ಪೌರ.

ಜನರ ತೆರಿಗೆಯಿಂದಲೂ ಟಿಕೆಟ್ಟಿನ ಹಣದಿಂದಲೂ ಓಡುವ ಬಸ್ಸಿನ ವೇಳಾಪಟ್ಟಿ ಜನರ ಸ್ವತ್ತು. ಅದನ್ನು ಯಂತ್ರ ಓದಬಲ್ಲ ರೂಪದಲ್ಲಿ, ಕನ್ನಡದ ಹೆಸರುಗಳೊಡನೆ, ಬದಲಾದಾಗಲೆಲ್ಲ ಪ್ರಕಟಿಸುವುದು ಸಾರಿಗೆ ಸಂಸ್ಥೆಗಳ ನಿತ್ಯದ ಕೆಲಸವಾಗಬೇಕು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಟ್ಟದ ಮೇಲೆ ಧೂಳು ತಿನ್ನುವ ಪ್ರಾಜೆಕ್ಟ್ ವರದಿಗಳ ಬದಲು, ನಾಲ್ಕು ಮಂದಿ ಪರೀಕ್ಷಿಸಿ ಒಪ್ಪಿದ ಒಂದು ತಿದ್ದುಪಡಿಯನ್ನು ಇಂಥ ಯೋಜನೆಗೆ ಸೇರಿಸಲಿ. ಹತ್ತೇ ಸಾಲಿನದಾದರೂ ಚಿಂತೆಯಿಲ್ಲ. ಆ ಹತ್ತು ಸಾಲು ಯಲಹಂಕದ ಮುದುಕರೊಬ್ಬರನ್ನು ಸರಿಯಾದ ಮಗ್ಗುಲಿಗೆ ದಾಟಿಸುತ್ತದೆ. ಅದೇ ಹೊತ್ತಿಗೆ, ಹೆಸರೇ ಗೊತ್ತಿಲ್ಲದ ಇನ್ನೊಂದು ನಾಡಿನ ಮುದುಕರನ್ನೂ ದಾಟಿಸುತ್ತದೆ. ‘ಜಾಲ’ವೆಂಬ ಮಾತು ನಮ್ಮ ಊರಿನ ಹೆಸರಿನಲ್ಲಿಯೂ ಇದೆ, ಅಂತರಜಾಲದಲ್ಲಿಯೂ ಇದೆ. ಚಿಕ್ಕ ಜಾಲದಲ್ಲಿ ಹಾಕಿದ ಗಂಟು ದೊಡ್ಡ ಜಾಲದಲ್ಲಿಯೂ ಹಿಡಿಯುತ್ತದೆಂದರೆ, ಗಂಟು ಹಾಕುವವರು ಕೈ ಕಟ್ಟಿಕೊಂಡು ಕೂರುವುದು ತರವಲ್ಲ.