ಮೂತ್ರಪಿಂಡ ವಿಕ್ರಯ: ಬೆಂಗಳೂರು ಮತ್ತು ಸುತ್ತಣ ಪ್ರದೇಶ

ಬದುಕಿರುವ ಮನುಷ್ಯನ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ಹಣಕ್ಕೆ ಪಡೆದು, ದಲ್ಲಾಳಿಗಳ ಮಧ್ಯಸ್ಥಿಕೆಯಿಂದ ರೋಗಿಗೆ ಕಸಿ ಮಾಡಿಸುವ ವ್ಯಾಪಾರವು 1994ರ ಕೇಂದ್ರ ಕಾಯಿದೆಯಿಂದ ಅಪರಾಧವೆನಿಸಿದ್ದರೂ, ಬೆಂಗಳೂರು ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿ ನಾನಾ ರೂಪಗಳನ್ನು ತಾಳುತ್ತ ಉಳಿದುಬಂದಿದೆ. ಇದರ ಪೂರ್ವಕಥೆ ಸುಪರಿಚಿತವಾದುದು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ದೇಶದ ಮೊದಲ ಯಶಸ್ವೀ ಮೂತ್ರಪಿಂಡ ಕಸಿ ನಡೆಯಿತು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಔಷಧ ಬಳಕೆಗೆ ಬಂದು ರಕ್ತಸಂಬಂಧವಿಲ್ಲದವರ ಅಂಗವೂ ರೋಗಿಯ ದೇಹಕ್ಕೆ ಒಗ್ಗುವಂತಾಯಿತು. ಒಡಹುಟ್ಟಿದವರನ್ನು ಬೇಡದೆ ಅಪರಿಚಿತ ಬಡವನಿಂದ ಕೊಳ್ಳುವ ದಾರಿ ತೆರೆಯಿತು. ಮದ್ರಾಸಿನ ವಿಲ್ಲಿವಾಕ್ಕಂ ಬಡಾವಣೆಗೆ ‘ಕಿಡ್ನಿವಾಕ್ಕಂ’ ಎಂಬ ಅಡ್ಡಹೆಸರು ಅಂಟಿತು.

ಬೆಂಗಳೂರಿನ ಮಟ್ಟಿಗೆ ಬರೆಹಗಾರರೆಲ್ಲರೂ ಮೊದಲು ಉಲ್ಲೇಖಿಸುವುದು 1995ರ ಆರಂಭದಲ್ಲಿ ಬಯಲಾದ ಪ್ರಕರಣವನ್ನು. ಕೆಲಸ ಕೊಡಿಸುವೆವೆಂದು ಕರೆತರಲ್ಪಟ್ಟ ಕೂಲಿಕಾರರನ್ನು ರಕ್ತ ತೆಗೆಯುವ ನೆಪದಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಮತ್ತು ಬರಿಸಿ, ಅವರ ಅರಿವಿಗೆ ಬಾರದಂತೆ ಮೂತ್ರಪಿಂಡವನ್ನು ತೆಗೆಯಲಾಯಿತೆಂಬುದು ದೂರಿನ ಸಾರ. ಪೊಲೀಸರು ವೈದ್ಯರನ್ನೂ ದಲ್ಲಾಳಿಗಳನ್ನೂ ಬಂಧಿಸಿದರು. ಹೀಗೆ ಅಂಗ ಕಳೆದುಕೊಂಡವರ ಸಂಖ್ಯೆ ಸಾವಿರದ ಸಮೀಪವೆಂದೂ ಪತ್ರಿಕೆಗಳು ಬರೆದವು. ಅನಂತರದ ಗ್ರಂಥಗಳಲ್ಲಿ ಈ ಪ್ರಕರಣವನ್ನು ಕೆಲವರು ಅಂಗಗಳ ಕಳವೆಂದೂ, ಕೆಲವರು ಮಾರಾಟಗಾರರು ಹಣದ ವಿಷಯದಲ್ಲಿ ಮೋಸಹೋದ ವ್ಯಾಪಾರವೆಂದೂ ವರ್ಣಿಸಿ, ಎರಡನ್ನೂ ಬೆರೆಸಿಬಿಟ್ಟಿದ್ದಾರೆ. ಈ ಗೊಂದಲವನ್ನು ಬಿಡಿಸಲು ದಿನಾಂಕಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ಮಾನವ ಅಂಗಾಂಗ ಕಸಿ ಕಾಯಿದೆಗೆ 1994ರ ಜುಲೈ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತರೂ, ಆರೋಗ್ಯವು ರಾಜ್ಯಪಟ್ಟಿಗೆ ಸೇರಿದ ವಿಷಯವಾದುದರಿಂದ, 1995ರ ಫೆಬ್ರವರಿ 4ರಂದು ಅದು ಜಾರಿಗೆ ಬಂದುದು ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾತ್ರ. ಉಳಿದ ರಾಜ್ಯಗಳು ತಮ್ಮ ಶಾಸನಸಭೆಗಳ ನಿರ್ಣಯದಿಂದ ಅದನ್ನು ಅಂಗೀಕರಿಸಬೇಕಾಗಿತ್ತು. ಅಂದರೆ ಬೆಂಗಳೂರಿನ ಪ್ರಕರಣ ಬಯಲಾದಾಗ ಅಂಗವನ್ನು ಹಣಕ್ಕೆ ಕೊಳ್ಳುವುದು ಕರ್ನಾಟಕದಲ್ಲಿ ತನ್ನಷ್ಟಕ್ಕೆ ಅಪರಾಧವಾಗಿರಲಿಲ್ಲ. ವಂಚನೆ ಮತ್ತು ದೇಹಕ್ಕೆ ಮಾಡಿದ ಘಾತ ಮಾತ್ರ ದಂಡಸಂಹಿತೆಯ ವ್ಯಾಪ್ತಿಗೆ ಬರುತ್ತಿದ್ದುವು. ಮೋಸಹೋದೆನೆಂದು ಹೇಳಬಲ್ಲವನ ದೂರಿಗೆ ಮಾತ್ರ ಠಾಣೆಯಲ್ಲಿ ಬೆಲೆಯಿದ್ದಾಗ, ಸಾಲ ತೀರಿಸಲು ಒಪ್ಪಿ ಮಲಗಿದವನ ಕಥೆಯು ದಾಖಲೆಗೆ ಸೇರದೆ ಹೋದುದು ಸಹಜವೇ ಆಗಿದೆ. ಹೀಗಾಗಿ ಆ ವರ್ಷದ ಕಡತಗಳಿಂದ ವ್ಯಾಪಾರದ ನಿಜವಾದ ವಿಸ್ತಾರವನ್ನು ಅಳೆಯಲು ಹೊರಡುವುದು ಸಾಧುವಲ್ಲ.

ಕಾಯಿದೆಯು ರಾಜ್ಯಕ್ಕೆ ಬಂದ ಬಳಿಕ ವ್ಯಾಪಾರವು ಅಡಗಲಿಲ್ಲ, ಕಾಗದಪತ್ರಗಳನ್ನು ಧರಿಸಿಕೊಂಡಿತು. ಕಾಯಿದೆಯ 9ನೆಯ ಪ್ರಕರಣದ 3ನೆಯ ಉಪಪ್ರಕರಣವು, ನಿಕಟ ಸಂಬಂಧಿಯಲ್ಲದವನು ರೋಗಿಯ ಮೇಲಣ ಪ್ರೀತಿ, ಅನುಬಂಧ ಅಥವಾ ಬೇರಾವುದಾದರೂ ವಿಶೇಷ ಕಾರಣದಿಂದ ಅಂಗವನ್ನು ಕೊಡಬಹುದೆಂದೂ, ಅದಕ್ಕೆ ಸರಕಾರ ನೇಮಿಸಿದ ಸಮಿತಿಯ ಪೂರ್ವಾನುಮತಿ ಸಾಕೆಂದೂ ವಿಧಿಸಿತು. ಅಂದಿನಿಂದ ಮಾರಾಟಗಾರನು ಛಾಪಾಕಾಗದದ ಮೇಲಣ ಪ್ರಮಾಣಪತ್ರದಲ್ಲಿ ರೋಗಿಯ ಹಳೆಯ ಮಿತ್ರನೋ, ಮನೆಯ ನಂಬಿಕಸ್ಥ ಆಳೋ, ಉಪಕಾರ ಸ್ಮರಿಸುವ ನೆರೆಯವನೋ ಆಗತೊಡಗಿದನು; ಸಮಿತಿಯ ಮುಂದೆ ಏನು ಹೇಳಬೇಕೆಂಬುದನ್ನು ದಲ್ಲಾಳಿಯು ಮೊದಲೇ ಪಾಠ ಹೇಳಿಕೊಡುತ್ತಿದ್ದನು. ‘ಫ್ರಂಟ್‌ಲೈನ್’ ಪಾಕ್ಷಿಕವು 1997ರಲ್ಲಿಯೂ, ವಿಶೇಷವಾಗಿ ಕರ್ನಾಟಕವನ್ನೇ ಕುರಿತು 2002ರಲ್ಲಿಯೂ ಪ್ರಕಟಿಸಿದ ವರದಿಗಳು, ಅನುಮತಿಯ ಮುದ್ರೆಯಡಿಯಲ್ಲಿಯೇ ವ್ಯಾಪಾರವು ಮುಂದುವರಿದುದನ್ನು ತೋರಿಸಿದವು. 1994ರ ಕಾಯಿದೆಯನ್ನು ಈ ಇತಿಹಾಸದ ತಿರುವೆಂದು ಸಾಮಾನ್ಯವಾಗಿ ಹೇಳುವರು. ಮಾರಿಕೊಂಡವರ ಕಡೆಯಿಂದ ನೋಡಿದರೆ ಈ ಒಂದು ಉಪಪ್ರಕರಣವೇ ಹೆಚ್ಚಿನ ತಿರುವು, ಏಕೆಂದರೆ ಹಣ ಪಡೆದಿಲ್ಲವೆಂದು ಸಹಿಯೋ ಹೆಬ್ಬೆಟ್ಟೋ ಒತ್ತಿದವನು ಮುಂದೆ ಬಾಕಿ ಹಣಕ್ಕಾಗಿ ಯಾರನ್ನೂ ಕೇಳುವಂತಿರಲಿಲ್ಲ.

ಆ ಜನರ ಸ್ಥಿತಿಗತಿಯ ಬಗೆಗೆ ದೊರೆತಿರುವ ಗಟ್ಟಿಯಾದ ಮಾಹಿತಿ ನೆರೆಯ ಚೆನ್ನೈ ನಗರದ್ದು. 2001ರಲ್ಲಿ ಅಲ್ಲಿ ಮೂತ್ರಪಿಂಡ ಮಾರಿದ್ದ 305 ಮಂದಿಯನ್ನು ಸಂದರ್ಶಿಸಿ ಮರುವರ್ಷ ಅಮೆರಿಕೆಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಮೇರೆಗೆ, ಅವರಲ್ಲಿ ಶೇಕಡ 96 ಮಂದಿ ಮಾರಿದುದು ಸಾಲ ತೀರಿಸಲು. ಶೇಕಡ 71 ಮಂದಿ ಹೆಂಗಸರು. ಮಾರಿದ ಅನಂತರ ಕುಟುಂಬದ ಸರಾಸರಿ ವರಮಾನವು ಮೂರರಲ್ಲಿ ಒಂದು ಪಾಲು ಕುಗ್ಗಿತು. ಶೇಕಡ 86 ಮಂದಿ ಆರೋಗ್ಯ ಕೆಟ್ಟಿತೆಂದರು. ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1999ರಲ್ಲಿ ಬರೆದ ಪ್ರಬಂಧದಲ್ಲಿ, ಮಾರಿಕೊಂಡ ಹೆಂಗಸರು ಅದಕ್ಕೂ ಮುನ್ನ ಸಂತಾನನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರೆಂಬುದನ್ನೂ, ತೀರಿದ ಸಾಲ ಮತ್ತೆ ಬೆಳೆದುದನ್ನೂ ಗುರುತಿಸಿದರು. ವರಮಾನ ಕುಗ್ಗುವುದೇಕೆಂಬುದನ್ನು ದೇಹವೇ ಹೇಳುತ್ತದೆ. ತೆರೆದ ಶಸ್ತ್ರಕ್ರಿಯೆಯಲ್ಲಿ ಪಕ್ಕೆಲುಬಿನ ಕೆಳಗೆ ಬೆನ್ನಿನಿಂದ ಹೊಟ್ಟೆಯವರೆಗೆ ಓರೆಯಾಗಿ ಕೊಯ್ಯುತ್ತಾರೆ. ಕೆಲವೊಮ್ಮೆ ಪಕ್ಕೆಲುಬಿನ ತುದಿಯನ್ನೂ ತೆಗೆಯಬೇಕಾಗುತ್ತದೆ. ಸ್ನಾಯು ಕೂಡಿಕೊಳ್ಳುವ ಮೊದಲೇ 50 ಕಿಲೋ ಸಿಮೆಂಟಿನ ಮೂಟೆಯನ್ನು ಹೆಗಲಿಗೇರಿಸಬೇಕಾದ ಕೂಲಿಯು, ಬಾಗಿದಾಗಲೆಲ್ಲ ಆ ಪಕ್ಕೆಯ ನೋವನ್ನು ಅನುಭವಿಸುತ್ತಾನೆ. ಆಸ್ಪತ್ರೆಯಿಂದ ಕಳುಹಿಸಿದ ಮೇಲೆ ಅವನ ರಕ್ತದೊತ್ತಡವನ್ನು ನೋಡುವವರಿಲ್ಲ.

ಇಂಥ ಕೂಲಿಕಾರರು ದಟ್ಟವಾಗಿ ನೆಲಸಿದ ಪ್ರದೇಶಗಳಲ್ಲಿ ವೈಟ್‌ಫೀಲ್ಡ್ ಒಂದು. 1880ರ ದಶಕದಲ್ಲಿ ಆಂಗ್ಲೋ-ಇಂಡಿಯನ್ ಬೇಸಾಯಗಾರರ ವಸಾಹತಾಗಿ ಹುಟ್ಟಿದ ಈ ಊರು, 1990ರ ದಶಕದ ಐ.ಟಿ. ಪಾರ್ಕಿನ ತರುವಾಯ, ಕಲಬುರಗಿ, ರಾಯಚೂರು, ಯಾದಗಿರಿಗಳಿಂದಲೂ ಒಡಿಶಾ, ಬಿಹಾರ, ಬಂಗಾಳಗಳಿಂದಲೂ ಬಂದ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿಗೂ, ಬಹುಮಹಡಿಯ ಖಾಸಗಿ ಆಸ್ಪತ್ರೆಗಳಿಗೂ ಒಟ್ಟಿಗೆ ಎಡೆಗೊಟ್ಟಿತು. ಅಂಗ ಕೊಡುವವನು ಹೊರರಾಜ್ಯದವನಾದಾಗ ಅವನ ಪೂರ್ವಾಪರವನ್ನು ವಿಚಾರಿಸುವವರು ಯಾರೆಂಬ ಪ್ರಶ್ನೆಯು ಇಲ್ಲಿ ಬರಿಯ ಶಾಸ್ತ್ರಚರ್ಚೆಯಲ್ಲ. ಕುಲದೀಪ್ ಸಿಂಗ್ ಮತ್ತು ತಮಿಳುನಾಡು ಸರಕಾರದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ಆ ವಿಚಾರಣೆಯು ದಾನಿ ಮತ್ತು ರೋಗಿಯ ಸ್ವಂತ ರಾಜ್ಯದ ಸಮಿತಿಗೆ ಸೇರಿದುದೆಂದು ತೀರ್ಮಾನಿಸಿತು. ಮೇಸ್ತ್ರಿಯ ಮಾತಿನ ಮೇಲೆ ಬಂದು, ಕೆಲಸ ಮುಗಿದೊಡನೆ ಮತ್ತೊಂದು ಕಟ್ಟಡಕ್ಕೆ ಹೋಗುವವನ ಗುರುತನ್ನು ನೂರಾರು ಮೈಲಿ ದೂರದ ಕಛೇರಿಯು ದೃಢಪಡಿಸಬೇಕಾಯಿತು.

2008ರಲ್ಲಿ ಗುರುಗ್ರಾಮದಲ್ಲಿ ಬಯಲಾದ ಮೂತ್ರಪಿಂಡ ಜಾಲ ಮತ್ತು ಅದೇ ವರ್ಷ ಅಂಗವ್ಯಾಪಾರದ ವಿರುದ್ಧ ಹೊರಟ ಇಸ್ತಾಂಬುಲ್ ಘೋಷಣೆಯ ಅನಂತರ, 2011ರಲ್ಲಿ ತಿದ್ದುಪಡಿಯಾಗಿ 2014ರಲ್ಲಿ ಜಾರಿಗೆ ಬಂದ ಕಾಯಿದೆಯು ವ್ಯಾಪಾರಕ್ಕೆ 5ರಿಂದ 10 ವರ್ಷದ ಸೆರೆಯನ್ನೂ 20 ಲಕ್ಷದಿಂದ 1 ಕೋಟಿ ರೂಪಾಯಿಯವರೆಗಿನ ದಂಡವನ್ನೂ ವಿಧಿಸಿತು. ಆದರೆ ಹಣ ಪಡೆದು ಅಂಗ ಕೊಟ್ಟವನೂ ಅದೇ ಪ್ರಕರಣದ ಅಡಿಯಲ್ಲಿ ಅಪರಾಧಿಯಾಗಿಯೇ ಉಳಿದನು; ಸೆರೆಯ ಭಯವುಳ್ಳ ಆತನಿಂದ ಸಾಕ್ಷ್ಯವನ್ನು ನಿರೀಕ್ಷಿಸುವುದು ಕಠಿಣ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು, ಮೂತ್ರಪಿಂಡಕ್ಕೆ ಕೋಟಿಗಟ್ಟಲೆ ಕೊಡುವೆವೆಂದು ನಂಬಿಸಿ, ನೋಂದಣಿ ಶುಲ್ಕವೆಂದು ಸಾಲಗಾರರ ಕಡೆಯ ಕಾಸನ್ನೂ ಕಿತ್ತುಕೊಂಡ ವಂಚನೆಯೂ ಸೇರಿತು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನಡೆದ ಬಂಧನದಿಂದ ಬಡವರನ್ನು ಇರಾನಿಗೆ ಒಯ್ಯುತ್ತಿದ್ದ ಜಾಲವೊಂದು ಹೊರಬಿದ್ದಿತು.

2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಂತಿನ ಕಿರುಕುಳ ರಾಜ್ಯದಾದ್ಯಂತ ಸುದ್ದಿಯಾದಾಗ, ಸಾಲ ತೀರಿಸಲು ಮೂತ್ರಪಿಂಡ ಮಾರಿದೆನೆಂದು ಮಾಗಡಿಯ ಮಹಿಳೆಯೊಬ್ಬರು ಹೇಳಿಕೊಂಡರು. ಫೆಬ್ರವರಿಯಲ್ಲಿ ಸರಕಾರವು ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. 2014ರ ಕಸಿ ನಿಯಮಗಳ ಮೇರೆಗೆ ಸಮಿತಿಯು ಸಂಬಂಧಿಯಲ್ಲದ ದಾನಿಯ ವೃತ್ತಿಯನ್ನೂ ಹಿಂದಿನ ಮೂರು ವರ್ಷಗಳ ವರಮಾನವನ್ನೂ ಪರಿಶೀಲಿಸಬೇಕು, ರೋಗಿಯ ಸ್ಥಿತಿಯೊಡನೆ ಅದನ್ನು ಹೋಲಿಸಬೇಕು, ಮನೆಯವರನ್ನು ವಿಚಾರಿಸಬೇಕು. ಅವನಿಗೆ ಎಷ್ಟು ಸಾಲವಿದೆ, ಅದು ಯಾರದು ಎಂಬುದನ್ನು ಕೇಳಬೇಕೆಂದು ಆ ನಿಯಮವು ಹೇಳುವುದಿಲ್ಲ.