ಬೀಗವೋ, ಚೀಟಿಯೋ: ಯಂತ್ರ ನಿಲ್ಲಿಸೋ ಪಾಠದ ಕಥೆ

ಮನೆಯಲ್ಲಿ ದೋಸೆಗೆ ರುಬ್ಬುವಾಗ ಗ್ರೈಂಡರಿನ ಕಲ್ಲು ಸಿಕ್ಕಿಕೊಂಡ್ರೆ ಮೊದಲು ಪ್ಲಗ್ ಕೀಳ್ತೀವಿ, ಆಮೇಲೆ ಕೈ ಹಾಕ್ತೀವಿ. ಪ್ಲಗ್ ನಮ್ಮ ಕಣ್ಣೆದುರೇ ಬಿದ್ದಿರುತ್ತೆ, ಮತ್ತೆ ಚುಚ್ಚೋರೂ ನಾವೇ. ಕಾರ್ಖಾನೆಯಲ್ಲಿ ಹಾಗಲ್ಲ. ಕೆಟ್ಟು ನಿಂತ ಪ್ರೆಸ್ ಒಂದು ಕಡೆ, ಅದರ ಮೇನ್ ಸ್ವಿಚ್ಚು ಗೋಡೆಯಾಚೆ ಇನ್ನೊಂದು ಕಡೆ. ಒಳಗೆ ತಲೆ ಹಾಕಿ ರಿಪೇರಿ ಮಾಡ್ತಿರೋರು ಸ್ವಿಚ್ ಹತ್ತಿರ ನಿಂತೋರಿಗೆ ಕಾಣಲ್ಲ. ಅವರು ಸ್ವಿಚ್ ಹಾಕಿದ್ರೋ, ಮುಗೀತು.

ಈ ಎರಡು ಜಾಗಗಳ ನಡುವೆ ಒಂದು ಬೀಗ ಬಂದದ್ದು ಹೇಗೆ ಅನ್ನೋದು ಇವತ್ತಿನ ಕಥೆ. ಅಂಗೈಯಲ್ಲಿ ಹಿಡಿಯೋ ಆ ವಸ್ತುವಿಗಾಗಿ ಅಮೆರಿಕದಲ್ಲಿ 15 ವರ್ಷ ಜಗಳ ನಡೆದಿದೆ.

ಓಡೋ ಯಂತ್ರಕ್ಕೆ ಕೈ ಹಾಕಬೇಡಿ ಅನ್ನೋ ಕಾನೂನು ಹಳೇದು. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಮಕ್ಕಳು ಯಂತ್ರದಡಿ ನುಸುಳಿ ಹತ್ತಿಯ ಕಸ ಗುಡಿಸುತ್ತಿದ್ದ ಕಾಲ. 1844ರ ಫ್ಯಾಕ್ಟರಿ ಕಾಯ್ದೆ, ಶಾಫ್ಟು ಗಿಯರುಗಳಿಗೆ ಬೇಲಿ ಹಾಕಿ ಅಂತು. ಅವು ತಿರುಗುತ್ತಿರುವಾಗ ಮಕ್ಕಳ ಕೈಲಿ ಒರೆಸಿಸಬೇಡಿ ಅಂತು. ಸರಿ, ಆದರೆ ರಿಪೇರಿ ಅಂದಮೇಲೆ ಬೇಲಿ ತೆಗೆಯಲೇಬೇಕಲ್ಲ? ಆಗ ನಿಂತಿರೋ ಯಂತ್ರ ನಿಂತೇ ಇರುತ್ತೆ ಅಂತ ಯಾರು ಗ್ಯಾರಂಟಿ ಕೊಡೋರು?

1979ರಲ್ಲಿ ಅಮೆರಿಕದ ಕಾರು ಕಾರ್ಖಾನೆಗಳ ಕಾರ್ಮಿಕ ಸಂಘ, ಯುನೈಟೆಡ್ ಆಟೊ ವರ್ಕರ್ಸ್, ಈ ಪ್ರಶ್ನೆ ಹಿಡಿದು ಸರ್ಕಾರದ ಸುರಕ್ಷತಾ ಸಂಸ್ಥೆ ಓಶಾದ ಬಾಗಿಲು ತಟ್ಟಿತು. ಬೀಗ ಹಾಕೋದನ್ನು ತುರ್ತು ನಿಯಮವಾಗಿ ತನ್ನಿ ಅಂತ ಅರ್ಜಿ. ಓಶಾ ಒಪ್ಪಲಿಲ್ಲ. 1982ರಲ್ಲಿ ಉದ್ಯಮದವರೇ ಒಂದು ಮಾನದಂಡ ಬರೆದುಕೊಂಡರು, ಆದರೆ ಅದು ಇಷ್ಟವಿದ್ದೋರಿಗೆ ಮಾತ್ರ. ಕಡ್ಡಾಯ ನಿಯಮ ಹೊರಬಿದ್ದದ್ದು 1989ರ ಸೆಪ್ಟೆಂಬರ್‌ನಲ್ಲಿ. ಇದರಿಂದ ವರ್ಷಕ್ಕೆ 120 ಸಾವು, 50,000 ಗಾಯ ತಪ್ಪುತ್ತೆ ಅನ್ನೋದು ಓಶಾ ಅಂದಾಜು. ಸಂಘದ ಲೆಕ್ಕ ಇನ್ನೂ ಹತ್ತಿರದ್ದು: 1973ರಿಂದ 1995ರವರೆಗೆ ಸತ್ತ ತನ್ನ 414 ಸದಸ್ಯರಲ್ಲಿ 83 ಮಂದಿಯ ಸಾವಿಗೆ ಯಂತ್ರದ ಶಕ್ತಿಯನ್ನು ಸರಿಯಾಗಿ ಕಟ್ಟಿಹಾಕದೇ ಇದ್ದದ್ದೇ ಕಾರಣ. ಐವರಲ್ಲಿ ಒಬ್ಬರು.

ನಿಯಮ ಬಂತು, ಜಗಳ ಮುಗೀಲಿಲ್ಲ. ಬೀಗ ಬೇಕಾ, ಇಲ್ಲಾ ‘ಚಾಲು ಮಾಡಬೇಡಿ’ ಅಂತ ಬರೆದ ಚೀಟಿ ಸಾಕಾ? ಚೀಟಿಗೂ ಜಾಗ ಬಿಟ್ಟಿದ್ದೀರಿ ಅಂತ ಕಾರ್ಮಿಕರು ಕೋರ್ಟಿಗೆ ಹೋದರು. ನಿಯಮವೇ ಅತಿಯಾಯ್ತು ಅಂತ ತಯಾರಕರ ಸಂಘವೂ ಹೋಯಿತು. 1991ರಲ್ಲಿ ಕೋರ್ಟು ‘ಇನ್ನಷ್ಟು ವಿವರಣೆ ಕೊಡಿ’ ಅಂತ ವಾಪಸ್ ಕಳಿಸಿತು, 1994ರಲ್ಲಿ ಎತ್ತಿಹಿಡಿಯಿತು. ಬೀಗ ಹಾಕಲು ಬರೋ ಕಡೆ ಬೀಗವೇ ಆಗಬೇಕು. ಚೀಟಿ ಸಾಕು ಅನ್ನೋ ಮಾಲೀಕ, ಅದರಿಂದಲೂ ಅಷ್ಟೇ ರಕ್ಷಣೆ ಸಿಗುತ್ತೆ ಅಂತ ತೋರಿಸಬೇಕು. ನನ್ನನ್ನು ಕೇಳಿದ್ರೆ ಕಾರ್ಮಿಕರ ವಾದವೇ ಸರಿ. ಚೀಟಿ ಓದೋಕೆ ಬೆಳಕು ಬೇಕು, ಅಕ್ಷರ ಬೇಕು, ವ್ಯವಧಾನ ಬೇಕು. ಚೀಟಿ ಸುಳ್ಳು ಧೈರ್ಯ ಕೊಡಬಹುದು ಅನ್ನೋದನ್ನು ತರಬೇತಿಯಲ್ಲಿ ಕಲಿಸಿ ಅಂತ ಆ ನಿಯಮವೇ ಹೇಳುತ್ತೆ!

ತರಬೇತಿ ಅಂದೆ ಅಲ್ವಾ, ಕಷ್ಟದ ಭಾಗ ಅದೇ. ಮೇನ್ ಸ್ವಿಚ್ ಆಫ್ ಮಾಡಿದ ತಕ್ಷಣ ಯಂತ್ರ ಸತ್ತಿರಲ್ಲ. ಫ್ಲೈವೀಲ್ ತಿರುಗುತ್ತಾ ಇರುತ್ತೆ. ಹೈಡ್ರಾಲಿಕ್ ಪೈಪಿನಲ್ಲಿ ಒತ್ತಡ, ಕೆಪಾಸಿಟರ್‌ನಲ್ಲಿ ಕರೆಂಟು, ಸ್ಪ್ರಿಂಗಿನಲ್ಲಿ ಬಿಗಿ ಉಳಿದಿರುತ್ತೆ. ಮೇಲೆತ್ತಿದ ಪ್ರೆಸ್ಸಿನ ಭಾರಕ್ಕಂತೂ ಬೀಳೋದಕ್ಕೆ ಕರೆಂಟೇ ಬೇಡ. ಹಾಗಾಗಿ ಬೀಗ ಹಾಕಿದ ಮೇಲೆ ಒಳಗುಳಿದದ್ದನ್ನು ಇಳಿಸಬೇಕು, ಭಾರಕ್ಕೆ ಆಸರೆ ಕೊಡಬೇಕು. ಕೊನೆಗೆ, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಸ್ಟಾರ್ಟ್ ಬಟನ್ ಒತ್ತಿಯೇ ಪರೀಕ್ಷಿಸಬೇಕು. ಅವಸರದಲ್ಲಿ ಬಿಟ್ಟುಹೋಗೋ ಹೆಜ್ಜೆ ಇದೇ. ಬೀಗ ಹಾಕೋರಿಗೆ ಒಂದು ಪಾಠ, ಯಂತ್ರ ನಡೆಸೋರಿಗೆ ಇನ್ನೊಂದು. ಅತ್ತಿತ್ತ ಓಡಾಡೋರಿಗೂ ಒಂದಿದೆ: ಬೀಗ ಬಿದ್ದ ಯಂತ್ರದ ತಂಟೆಗೆ ಹೋಗಬೇಡಿ. ವರ್ಷಕ್ಕೊಮ್ಮೆಯಾದರೂ ಈ ಕ್ರಮವನ್ನು ಇನ್ನೊಬ್ಬ ತರಬೇತಾದವರು ಬಂದು ತಪಾಸಣೆ ಮಾಡಬೇಕು.

ನಮ್ಮಲ್ಲಿ? 1948ರ ಕಾರ್ಖಾನೆ ಕಾಯ್ದೆ, ಓಡೋ ಯಂತ್ರದ ಹತ್ತಿರ ಹೋಗೋರು ವಿಶೇಷ ತರಬೇತಿ ಪಡೆದಿರಬೇಕು, ಮೈಗಂಟುವ ಬಟ್ಟೆ ತೊಟ್ಟಿರಬೇಕು, ರಿಜಿಸ್ಟರ್‌ನಲ್ಲಿ ಹೆಸರಿರಬೇಕು ಅಂತು. 1976ರ ತಿದ್ದುಪಡಿಯಲ್ಲಿ, ತಾನಾಗಿ ‘ಆನ್’ ಕಡೆಗೆ ಜಾರಬಹುದಾದ ಸ್ವಿಚ್ಚಿಗೆ ಬೀಗದ ಏರ್ಪಾಟು ಇರಬೇಕು ಅನ್ನೋ ಮಾತು ಸೇರಿತು. ಅಮೆರಿಕಕ್ಕಿಂತ 13 ವರ್ಷ ಮುಂಚೆ, ನೋಡಿ! ಆದರೆ ಅದು ಒಂದೇ ವಾಕ್ಯ; ಯಾರ ಬೀಗ, ಯಾರ ಕೈಲಿ ಕೀ ಅನ್ನೋದು ಅದರಲ್ಲಿಲ್ಲ. ತರಬೇತಿ ಕೇಳೋದು ಕಾರ್ಮಿಕರ ಹಕ್ಕು ಅಂತ ಕಾಯ್ದೆಗೆ ಸೇರಿದ್ದು 1987ರಲ್ಲಿ, ಭೋಪಾಲ್ ಆದ ಮೇಲೆ.

ಕೀ ಅಂದಾಗ ನೆನಪಾಯ್ತು. ಹಾಕಿದವರೇ ಬೀಗ ತೆಗೀಬೇಕು ಅನ್ನೋದು ಅಮೆರಿಕದ ನಿಯಮ. ನಾಲ್ವರು ಒಳಗಿದ್ರೆ ನಾಲ್ಕು ಬೀಗ. ಅದರಲ್ಲೊಬ್ಬರು ಬೀಗ ಮರೆತು ಮನೆಗೆ ಹೋಗಿಬಿಟ್ರೆ? ಸೂಪರ್‌ವೈಸರ್ ಕಟರ್ ತಗೊಂಡು ಹೊರಡೋ ಹಾಗಿಲ್ಲ. ಅವರು ಕಾರ್ಖಾನೆಯೊಳಗೆ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅವರನ್ನು ಸಂಪರ್ಕಿಸೋಕೆ ಪ್ರಯತ್ನ ಪಡಬೇಕು. ಆಮೇಲೆ ಬೀಗ ತೆಗೆದರೂ, ಅವರು ಮತ್ತೆ ಕೆಲಸಕ್ಕೆ ಇಳಿಯೋ ಮುಂಚೆ ಹೇಳಲೇಬೇಕು: ‘ನಿನ್ನ ಬೀಗ ತೆಗೆದಿದ್ದೀವಿ.’